ಎಷ್ಟನೇ ಪುಸ್ತಕದ ಮಾತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದೆ ಮೆಚ್ಚಿ ಈಗ ಮೆಚ್ಚದ, ಇಲ್ಲವೇ ಹಿಂದೆ ಜರಿದು ಈಗ ಮೆಚ್ಚುವ ಕಾದಂಬರಿ ಸರಣಿ ಯಾವುದೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳು ರಕ್ತಪಿಶಾಚಿ ಸರಣಿಗಳ ಸುತ್ತಲೇ ಇವೆ. ಬರೆಯುವವರಲ್ಲಿ ಒಂದು ವಿನಂತಿ ಇದೆ. ‘ಆ ಸರಣಿ ಕೆಟ್ಟಿತು’ ಎಂದು ಬರೆದರೆ ಉತ್ತರ ಹೇಳುವುದು ಕಷ್ಟ. ಎಷ್ಟನೇ ಪುಸ್ತಕದಲ್ಲಿ ಮನಸ್ಸು ತಿರುಗಿತು ಎಂದು ಬರೆಯಿರಿ. ಹದಿಮೂರು ಪುಸ್ತಕಗಳ ಸರಣಿಗೆ ಒಂದೇ ತೀರ್ಪು ಕೊಡಲು ಬರುವುದಿಲ್ಲ.

*

ಪ್ರಶ್ನೆ: ಪಿಯುಸಿ ಓದುವಾಗ ‘ಟ್ವೈಲೈಟ್’ ಸರಣಿಯ ನಾಲ್ಕೂ ಪುಸ್ತಕಗಳನ್ನು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಈಗ ನನಗೆ ಮೂವತ್ತೆರಡು. ಮೊನ್ನೆ ಮತ್ತೆ ಓದಿದಾಗ ನಾಯಕ, ರಕ್ತಪಿಶಾಚಿ ಎಡ್ವರ್ಡ್ ಮೇಲೆ ಸಿಟ್ಟೇ ಬಂತು. ರಾತ್ರಿ ಹೊತ್ತು ಹುಡುಗಿಗೆ ಗೊತ್ತಿಲ್ಲದಂತೆ ಕೋಣೆಗೆ ಬಂದು ಅವಳು ಮಲಗಿದ್ದನ್ನು ನೋಡುತ್ತ ಕೂರುವುದು ಪ್ರೀತಿಯೇ? ಆಗ ನಮಗೆ ಬುದ್ಧಿ ಇರಲಿಲ್ಲವೇ?
– ಉಪನ್ಯಾಸಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬುದ್ಧಿಗಿಂತ ಹೆಚ್ಚಾಗಿ ಇದು ಕಥೆ ಯಾರ ಬಾಯಲ್ಲಿದೆ ಎಂಬ ವಿಚಾರ, ಮೇಡಂ. 2005ರ ಮೊದಲ ಪುಸ್ತಕ ಪೂರ್ತಿ ನಾಯಕಿ ಬೆಲ್ಲಾಳ ಮಾತಿನಲ್ಲಿದೆ. ಅವಳಿಗೆ ಹೆದರಿಕೆ ಹುಟ್ಟುವುದಿಲ್ಲ, ಹಾಗಾಗಿ ಅವಳ ಕಣ್ಣಿನಿಂದ ನೋಡುವ ಹದಿನೇಳರ ಓದುಗರಿಗೂ ಹುಟ್ಟುವುದಿಲ್ಲ. ಮೂವತ್ತೆರಡರಲ್ಲಿ ನೀವು ಅವಳ ಪಕ್ಕದಲ್ಲಿ ನಿಂತು ಅವಳನ್ನೇ ನೋಡುತ್ತಿದ್ದೀರಿ. ತರಗತಿಯಲ್ಲಿ ಅದೇ ವಯಸ್ಸಿನ ಮಕ್ಕಳು ದಿನಾ ಎದುರಿಗಿರುವುದರಿಂದ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ಪರೀಕ್ಷಿಸಲು ಒಂದು ದಾರಿ ಇದೆ. 2020ರಲ್ಲಿ ಬಂದ ‘ಮಿಡ್‌ನೈಟ್ ಸನ್’ ಅದೇ ಕಥೆಯನ್ನು ಎಡ್ವರ್ಡ್ ಬಾಯಲ್ಲಿ ಹೇಳುತ್ತದೆ. ಎರಡೂ ಪುಸ್ತಕಗಳ ಮೊದಲ ಅಧ್ಯಾಯವನ್ನು ಒಂದೇ ಸಂಜೆ ಓದಿ. ಜೀವಶಾಸ್ತ್ರದ ತರಗತಿಯಲ್ಲಿ ಇಬ್ಬರೂ ಮೊದಲ ಸಲ ಪಕ್ಕಪಕ್ಕ ಕೂರುವ ದೃಶ್ಯ ಎರಡರಲ್ಲೂ ಇದೆ. ಬೆಲ್ಲಾಗೆ ಕಾಣುವುದು ಕಪ್ಪು ಕಣ್ಣು, ಬಿಗಿದ ಮುಷ್ಟಿ, ಕುರ್ಚಿಯ ಆ ತುದಿಗೆ ಸರಿದು ಕೂತ ಹುಡುಗ. ಅವನ ತಲೆಯೊಳಗೆ ನಡೆಯುತ್ತಿರುವುದು ಅವಳ ರಕ್ತ ಕುಡಿಯಬೇಕಾದರೆ ಸಾಕ್ಷಿ ಉಳಿಯದಂತೆ ತರಗತಿಯ ಅಷ್ಟೂ ಮಕ್ಕಳನ್ನೂ ಮೇಷ್ಟರನ್ನೂ ಯಾವ ಕ್ರಮದಲ್ಲಿ ಕೊಲ್ಲಬೇಕು ಎಂಬ ಲೆಕ್ಕ. ಮೊದಲ ಪುಸ್ತಕದಲ್ಲಿ ದ್ವೇಷದಂತೆ ಕಂಡದ್ದು ಇಲ್ಲಿ ಬೇಟೆಯಂತೆ ಕಾಣುತ್ತದೆ. ಲೇಖಕಿ ಸ್ಟೆಫನಿ ಮೆಯರ್ ಇದನ್ನು ಮುಚ್ಚಿಟ್ಟಿಲ್ಲ ಎಂಬುದನ್ನು ನಾವು ಮೆಚ್ಚುತ್ತೇವೆ.

ನಿಮ್ಮ ಸಿಟ್ಟಿಗೆ ಬಲವಾದ ಆಧಾರ ಬೇಕಿದ್ದರೆ ಮೂರನೆಯ ಪುಸ್ತಕ, 2007ರ ‘ಎಕ್ಲಿಪ್ಸ್’ ತೆಗೆಯಿರಿ. ಬೆಲ್ಲಾ ತನ್ನ ಗೆಳೆಯ ಜೇಕಬ್‌ನನ್ನು ನೋಡಲು ಹೋಗಬಾರದೆಂದು ಎಡ್ವರ್ಡ್ ಅವಳ ಟ್ರಕ್ಕಿನ ಎಂಜಿನ್ನಿನಿಂದ ಒಂದು ಭಾಗವನ್ನೇ ಕಳಚುತ್ತಾನೆ. ಕೋಣೆಗೆ ಬರುವುದನ್ನು ‘ಪ್ರೇಮದ ಹುಚ್ಚು’ ಎಂದು ಸಮರ್ಥಿಸುವವರು ಸಿಗಬಹುದು, ಗಾಡಿ ಕೆಡಿಸಿ ಮನೆಯಲ್ಲಿ ಕೂರಿಸುವುದಕ್ಕೆ ಆ ಹೆಸರು ಕೊಡಲಾಗದು. ಮರುಓದಿನಲ್ಲಿ ಅಭಿಪ್ರಾಯ ತಿರುಗುವ ಜಾಗ ಮೊದಲ ಪುಸ್ತಕಕ್ಕಿಂತ ಇದೇ ಎಂದು ನಮ್ಮ ಎಣಿಕೆ.

ಎರಡನೆಯ ಪುಸ್ತಕದ ಕಥೆ ಉಲ್ಟಾ. 2006ರ ‘ನ್ಯೂ ಮೂನ್’ ಬಂದಾಗ ನಾಯಕನೇ ಇಲ್ಲದ ಪುಸ್ತಕ ಎಂದು ಹದಿಹರೆಯದವರು ಬೇಸರಪಟ್ಟರು. ಎಡ್ವರ್ಡ್ ಬಿಟ್ಟುಹೋದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದು ಬರೀ ತಿಂಗಳ ಹೆಸರಿರುವ ಖಾಲಿ ಪುಟಗಳು ಬರುತ್ತವೆ. ಆಗ ಅವನ್ನು ಸರಕ್ಕನೆ ಮಗುಚಿದವರು ಈಗ ಅಲ್ಲಿ ಕೈ ನಿಲ್ಲಿಸುತ್ತಾರೆ. ಖಿನ್ನತೆಯಲ್ಲಿ ದಿನಗಳು ಹೇಗೆ ಹೋಗುತ್ತವೆ ಎಂದು ತಿಳಿದ ಮೇಲೆ ಆ ಖಾಲಿ ಪುಟಗಳೇ ಇಡೀ ಸರಣಿಯ ಒಳ್ಳೆಯ ಬರವಣಿಗೆ ಅನ್ನಿಸುತ್ತವೆ.

ಇನ್ನೊಂದು ವಿಷಯ ಆಗ ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ತೋಳವಾಗಿ ಬದಲಾಗುವ ಜೇಕಬ್‌ನ ಜನ, ಕ್ವಿಲಿಯೂಟ್ ಬುಡಕಟ್ಟು, ಕಲ್ಪನೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಾ ಪುಶ್ ಎಂಬ ಕಡಲತೀರದಲ್ಲಿ ಇವತ್ತಿಗೂ ಇದ್ದಾರೆ. ತಾವು ತೋಳಗಳಿಂದ ಮನುಷ್ಯರಾದವರು ಎಂಬುದು ಅವರ ಮೂಲಕಥೆ. ರಕ್ತಪಿಶಾಚಿಗಳ ಜೊತೆಗಿನ ಹಗೆತನ ಲೇಖಕಿ ಸೇರಿಸಿದ್ದು. ಬದುಕಿರುವ ಒಂದು ಸಮುದಾಯದ ನಂಬಿಕೆಯನ್ನು ಹೀಗೆ ಬಳಸಬಹುದೇ ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ಪುಸ್ತಕ ಜನಪ್ರಿಯವಾದ ಮೇಲೆ. ಬುಡಕಟ್ಟುಗಳ ಕಥೆಯನ್ನು ಬೇರೆಯವರು ಬರೆಯುವುದನ್ನು ನಾವೂ ಕಂಡಿದ್ದೇವೆ, ಈ ಆಕ್ಷೇಪ ನಮಗೆ ಬೇಗ ಅರ್ಥವಾಗಬೇಕು.

ಹಳೆಯ ಮೆಚ್ಚುಗೆಗೆ ನಾಚಬೇಡಿ. ಆ ಸರಣಿಯನ್ನು ಅಂದು ಹೀಗಳೆದವರಲ್ಲಿ ಓದಿಯೇ ಇಲ್ಲದವರು ಬಹಳ, ‘ಹುಡುಗಿಯರು ಓದುವುದು’ ಎಂಬುದೇ ಅವರಿಗೆ ಸಾಕಾದ ಕಾರಣವಾಗಿತ್ತು. ನೀವು ಎರಡು ಸಲ ಓದಿ ಹೇಳುತ್ತಿದ್ದೀರಿ. ನಿಮ್ಮ ಮಾತಿಗೆ ತೂಕವಿದೆ.

*

ಪ್ರಶ್ನೆ: ಉದ್ದ ಸರಣಿಗಳು ಮೊದಲ ನಾಲ್ಕೈದು ಪುಸ್ತಕ ಚೆನ್ನಾಗಿದ್ದು ಆಮೇಲೆ ಹಳಿ ತಪ್ಪುತ್ತವೆ. ಯಾಕೆ? ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ತಿಳಿಯುವುದು ಹೇಗೆ?
– ಕಾರ್ಖಾನೆ ನೌಕರ, ಹರಿಹರ

ಉತ್ತರ: ಕಾರಣ ಒಂದೇ ಅಲ್ಲ, ಒಂದೊಂದು ಸರಣಿಯದು ಒಂದೊಂದು.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಶಕ್ತಿಯ ಏರಿಕೆ. ಮೊದಲ ಪುಸ್ತಕದಲ್ಲಿ ನಾಯಕಿ ಒಂದು ಪಿಶಾಚಿಯನ್ನು ಎದುರಿಸುತ್ತಾಳೆ. ಮುಂದಿನದರಲ್ಲಿ ಅದಕ್ಕಿಂತ ದೊಡ್ಡದು ಬೇಕು, ಹಾಗಾಗಿ ಅವಳಿಗೂ ಹೊಸ ಶಕ್ತಿ ಕೊಡಬೇಕು. ಹತ್ತನೆಯದರ ಹೊತ್ತಿಗೆ ಅವಳನ್ನು ಸೋಲಿಸುವವರೇ ಇಲ್ಲ. ಸೋಲುವ ಭಯ ಹೋದರೆ ಓದುವ ಹಸಿವೂ ಹೋಗುತ್ತದೆ. ಲಾರೆಲ್ ಹ್ಯಾಮಿಲ್ಟನ್ ಅವರ ಅನಿಟಾ ಬ್ಲೇಕ್ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. 1993ರ ‘ಗಿಲ್ಟಿ ಪ್ಲೆಷರ್ಸ್’ನಿಂದ 2000ದ ‘ಅಬ್ಸಿಡಿಯನ್ ಬಟರ್‌ಫ್ಲೈ’ವರೆಗಿನ ಒಂಬತ್ತು ಪುಸ್ತಕಗಳು ಪತ್ತೇದಾರಿ ಕಥೆಗಳು. ಹೆಣ ಎಬ್ಬಿಸುವುದು ಅನಿಟಾಳ ಕಸುಬು, ಕೊಲೆ ತನಿಖೆಯಲ್ಲಿ ಪೊಲೀಸರಿಗೆ ನೆರವಾಗುತ್ತಾಳೆ. 2001ರ ಹತ್ತನೆಯ ಪುಸ್ತಕ ‘ನಾರ್ಸಿಸಸ್ ಇನ್ ಚೇನ್ಸ್’ನಲ್ಲಿ ಅವಳಿಗೆ ಕಾಮದ ಹಸಿವೇ ಶಕ್ತಿಯಾಗುತ್ತದೆ, ತನಿಖೆ ಹಿಂದೆ ಸರಿಯುತ್ತದೆ. ಓದುಗರು ಎರಡು ಪಾಲಾದದ್ದು ಅಲ್ಲಿಯೇ. ಪತ್ತೇದಾರಿಗಾಗಿ ಓದುವವರು ಒಂಬತ್ತಕ್ಕೆ ನಿಲ್ಲಿಸಿ, ಕಥೆ ಅರ್ಧಕ್ಕೆ ನಿಂತಂತೆ ಅನ್ನಿಸುವುದಿಲ್ಲ.

ಜಿಮ್ ಬುಚರ್ ಅವರ ಡ್ರೆಸ್ಡೆನ್ ಸರಣಿಯದು ಬೇರೆ ಲೆಕ್ಕ. ಷಿಕಾಗೋದ ಮಾಂತ್ರಿಕ ಪತ್ತೇದಾರನ ಈ ಕಥೆಯ ಮೊದಲೆರಡು ಪುಸ್ತಕಗಳೇ ಬಡಕಲು. 2001ರ ‘ಗ್ರೇವ್ ಪೆರಿಲ್’, ಅಂದರೆ ಮೂರನೆಯದರಿಂದ ಶುರು ಮಾಡಿದರೂ ನಡೆಯುತ್ತದೆ. ರಕ್ತಪಿಶಾಚಿಗಳ ಜೊತೆಗಿನ ದೊಡ್ಡ ಜಗಳಕ್ಕೆ ಬೀಜ ಬೀಳುವುದೂ ಅಲ್ಲಿ. ಹನ್ನೆರಡನೆಯ ‘ಚೇಂಜಸ್’ (2010) ನಾಯಕನ ಮನೆ, ಕಾರು, ಕಚೇರಿ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ. ಶಕ್ತಿಯ ಏರಿಕೆಗೆ ಮದ್ದು ಇದೇ, ಏರಿಸಿದಷ್ಟೂ ಕಿತ್ತುಕೊಳ್ಳಬೇಕು. 2014ರ ಹದಿನೈದನೆಯದಾದ ಮೇಲೆ ಆರು ವರ್ಷ ಬಿಡುವು. 2020ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ‘ಪೀಸ್ ಟಾಕ್ಸ್’, ‘ಬ್ಯಾಟಲ್ ಗ್ರೌಂಡ್’ ಎರಡೂ ಬಂದವು. ಮೊದಲನೆಯದನ್ನು ಓದಿ ‘ಏನೂ ಆಗಲೇ ಇಲ್ಲ’ ಎಂದು ಬರೆದವರು ನಮ್ಮ ಓದುಗರಲ್ಲೂ ಇದ್ದಾರೆ. ಒಂದೇ ಪುಸ್ತಕವನ್ನು ನಡುವೆ ಕತ್ತರಿಸಿದ್ದರಿಂದ ಹಾಗಾಗಿದೆ. ಎರಡನ್ನೂ ಕೈಯಲ್ಲಿಟ್ಟುಕೊಂಡೇ ಓದಿ. ಇದೇ ಸರಣಿಯಲ್ಲಿ ಯಾವ ಹೆಂಗಸು ಬಂದರೂ ಮೊದಲು ಅವಳ ಮೈಯ ವರ್ಣನೆ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಅದನ್ನು ಗಮನಿಸದವರೂ ಈಗ ಸಹಿಸುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದೇ.

ಕೆಲವು ಕಡೆ ಬರೆಯುವ ಕೈಯೇ ಬೇರೆಯಾಗಿರುತ್ತದೆ. ‘ವ್ಯಾಂಪೈರ್ ಡೈರೀಸ್’ ಅನ್ನು ಎಲ್.ಜೆ. ಸ್ಮಿತ್ 1991ರಲ್ಲಿ ಪುಸ್ತಕ ತಯಾರಿಸಿಕೊಡುವ ಒಂದು ಕಂಪನಿಗಾಗಿ ಗುತ್ತಿಗೆಯ ಮೇಲೆ ಬರೆದರು. ಹಕ್ಕು ಅವರದಾಗಿರಲಿಲ್ಲ. ಟಿವಿ ಸರಣಿ ಗೆದ್ದ ಮೇಲೆ 2011ರಲ್ಲಿ ಅವರನ್ನೇ ಕೈಬಿಟ್ಟು ಬೇರೆಯವರಿಂದ ಬರೆಸಲಾಯಿತು. ಹೊದಿಕೆಯ ಮೇಲೆ ಅವರ ಹೆಸರು ಹಾಗೇ ಉಳಿಯಿತು. ‘ಹಂಟರ್ಸ್’, ‘ಸಾಲ್ವೇಶನ್’ ಎಂಬ ಉಪಹೆಸರಿನ ಪುಸ್ತಕಗಳು ಅವರ ಬರವಣಿಗೆಯಲ್ಲ. ‘ಲೇಖಕಿ ಸೊರಗಿದರು’ ಎಂದು ದೂರುವ ಮೊದಲು ಹೊದಿಕೆಯಲ್ಲಿ ‘ಬರೆದವರು’ ಎಂದಿದೆಯೇ, ‘ಸೃಷ್ಟಿಸಿದವರು’ ಎಂದಿದೆಯೇ ನೋಡಿ.

ಇನ್ನು ಕೊನೆಯ ಪುಸ್ತಕದ ಸಿಟ್ಟು. ಚಾರ್ಲೇನ್ ಹ್ಯಾರಿಸ್ ಅವರ ಸೂಕಿ ಸರಣಿ 2001ರಿಂದ 2013ರವರೆಗೆ ವರ್ಷಕ್ಕೊಂದರಂತೆ ಹದಿಮೂರು ಪುಸ್ತಕ. ಕೊನೆಯದರಲ್ಲಿ ನಾಯಕಿ ಸೂಕಿ ರಕ್ತಪಿಶಾಚಿ ಎರಿಕ್‌ನನ್ನು ಬಿಟ್ಟು, ಹಗಲಲ್ಲೂ ಓಡಾಡಬಲ್ಲ ಸ್ಯಾಮ್ ಕಡೆ ವಾಲಿದ್ದಕ್ಕೆ ಓದುಗರು ಕೆಂಡವಾದರು. ಆದರೆ ಮೊದಲ ಪುಸ್ತಕವನ್ನು ಮತ್ತೆ ತೆರೆಯಿರಿ. ಬಿಡುವು ಸಿಕ್ಕರೆ ಸೂಕಿ ಹೋಗಿ ಬಿಸಿಲು ಕಾಯುತ್ತ ಮಲಗುತ್ತಾಳೆ. ಅಷ್ಟು ಬಿಸಿಲನ್ನು ಪ್ರೀತಿಸುವವಳು ಹಗಲು ಕಾಣದ ಗಂಡನ ಜೊತೆ ಬಾಳುವುದು ಹೇಗೆ? ಉತ್ತರ ಹನ್ನೆರಡು ವರ್ಷ ಮೊದಲೇ ಅಲ್ಲಿತ್ತು. ಈ ಅಂತ್ಯ ನಮಗೆ ಒಪ್ಪಿಗೆ. ಈ ಸರಣಿಯಿಂದಲೇ ಮಾಡಿದ ‘ಟ್ರೂ ಬ್ಲಡ್’ ಅನ್ನು ಟಿವಿಯಲ್ಲಿ ನೋಡಿ ಪುಸ್ತಕಕ್ಕೆ ಬರುವವರಿಗೊಂದು ಎಚ್ಚರಿಕೆ: ಟಿವಿಯಲ್ಲಿ ಕೊನೆಯವರೆಗೂ ಬದುಕುವ ಅಡುಗೆಯವ ಲಫಾಯೆಟ್ ಎರಡನೆಯ ಪುಸ್ತಕದ ಆರಂಭದಲ್ಲೇ ಹೆಣವಾಗಿ ಸಿಗುತ್ತಾನೆ.

*

ಪ್ರಶ್ನೆ: ನಮ್ಮ ದುರ್ಗದ ಮೇಲೆ ತ.ರಾ.ಸು. ಬರೆದ ಕಾದಂಬರಿಗಳೂ ಒಂದು ಸರಣಿಯೇ. ಅವು ಮುಂದೆ ಹೋದಂತೆ ಸಪ್ಪೆಯಾಗಲಿಲ್ಲವಲ್ಲ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಗುರುಗಳೇ, ನಿಮ್ಮ ಪ್ರಶ್ನೆಯಿಂದ ಮೇಲಿನ ಉತ್ತರ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದರ ಬೆನ್ನಿಗೊಂದು ಓದಿದವರಿಗೂ, ‘ದುರ್ಗಾಸ್ತಮಾನ’ ಕೈಗೆತ್ತಿಕೊಂಡವರಿಗೂ ಕೊನೆ ಮೊದಲೇ ಗೊತ್ತು. 1779ರಲ್ಲಿ ಹೈದರಾಲಿಗೆ ಕೋಟೆ ಬೀಳುತ್ತದೆ. ಚರಿತ್ರೆ ಎಳೆದ ಆ ಗೆರೆಯನ್ನು ಲೇಖಕರು ದಾಟುವಂತಿಲ್ಲ, ಮದಕರಿಗೆ ಹೊಸ ಶಕ್ತಿ ಕೊಟ್ಟು ಗೆಲ್ಲಿಸುವಂತಿಲ್ಲ. ಆದ್ದರಿಂದ ‘ಮುಂದೇನು’ ಎನ್ನುವುದಕ್ಕಿಂತ ‘ಹೇಗೆ, ಯಾಕೆ’ ಎನ್ನುವುದರಲ್ಲೇ ಓದು ಸಾಗುತ್ತದೆ. ರಕ್ತಪಿಶಾಚಿಗೆ ಸಾವೇ ಇಲ್ಲ, ಪ್ರಕಾಶಕರಿಗೆ ವರ್ಷಕ್ಕೊಂದು ಪುಸ್ತಕ ಬೇಕು. ಅಲ್ಲಿ ಕೊನೆಯನ್ನು ಲೇಖಕರೇ ಹಟ ಹಿಡಿದು ತರಬೇಕು. ಕೊನೆ ಗೊತ್ತಿರುವ ಸರಣಿ ಬಾಳುತ್ತದೆ ಎಂಬುದಕ್ಕೆ ‘ದುರ್ಗಾಸ್ತಮಾನ’ಕ್ಕಿಂತ ಒಳ್ಳೆಯ ನಿದರ್ಶನ ಈ ಭಾಗದವರಿಗೆ ಬೇಕಿಲ್ಲ.

*

ಪ್ರಶ್ನೆ: ರಕ್ತಪಿಶಾಚಿ ಬಿಸಿಲಿಗೆ ಸುಟ್ಟು ಸಾಯಬೇಕು. ‘ಟ್ವೈಲೈಟ್’ನಲ್ಲಿ ಮೈ ವಜ್ರದಂತೆ ಮಿನುಗುತ್ತದೆ. ಇದು ನಿಯಮ ಮುರಿದಂತಲ್ಲವೇ? ಬೇತಾಳವೂ ರಕ್ತಪಿಶಾಚಿಯೇ?
– ಡಿಪ್ಲೊಮಾ ವಿದ್ಯಾರ್ಥಿ, ಹಿರಿಯೂರು

ಉತ್ತರ: ಆ ನಿಯಮ ನೀವು ಅಂದುಕೊಂಡಷ್ಟು ಹಳೆಯದಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ದಲ್ಲಿ ಕೌಂಟ್ ಹಾಡಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಗ್ಗುತ್ತದೆ, ಅಷ್ಟೆ. ಅವನು ಸಾಯುವುದು ಸೂರ್ಯ ಮುಳುಗುವ ಹೊತ್ತಿಗೆ, ಒಬ್ಬನ ಕುಕ್ರಿ ಎಂಬ ಬಾಗಿದ ಕತ್ತಿ ಕುತ್ತಿಗೆಗೂ ಇನ್ನೊಬ್ಬನ ಚೂರಿ ಎದೆಗೂ ಬಿದ್ದು. ಬಿಸಿಲಿಗೆ ಕರಗಿ ಸಾಯುವುದು ಬಂದದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ವಿನಿಂದ. ಅದು ಅನುಮತಿ ಇಲ್ಲದೆ ಕಾದಂಬರಿಯಿಂದ ಎತ್ತಿದ ಚಿತ್ರ. ಸ್ಟೋಕರ್ ಅವರ ಹೆಂಡತಿ ಮೊಕದ್ದಮೆ ಹೂಡಿ ಗೆದ್ದರು, ಪ್ರತಿಗಳನ್ನು ನಾಶ ಮಾಡಲು ಆದೇಶವೂ ಆಯಿತು. ಅಷ್ಟಾದರೂ ಕೆಲವು ಪ್ರತಿ ಉಳಿದವು, ಬಿಸಿಲಿನ ಸಾವೂ ಉಳಿಯಿತು.

ಆದರೂ ನಿಮ್ಮ ಅಸಮಾಧಾನದಲ್ಲಿ ಸತ್ಯವಿದೆ. ಕೇಳಬೇಕಾದ ಪ್ರಶ್ನೆ ಇದು: ಈ ಶಕ್ತಿಗೆ ಪಾತ್ರ ಏನು ಬೆಲೆ ಕೊಡುತ್ತದೆ? ಮಿನುಗುವ ಮೈಗೆ ಬೆಲೆ ಬಹಳ ಕಡಿಮೆ, ಬಿಸಿಲಿನ ದಿನ ಶಾಲೆಗೆ ರಜೆ ಹಾಕಿದರೆ ಮುಗಿಯಿತು. ಸಪ್ಪೆ ಅನ್ನಿಸುವುದು ಅದಕ್ಕೆ.

ಬೇತಾಳ ರಕ್ತಪಿಶಾಚಿಯಲ್ಲ. ಹೆಣದೊಳಗೆ ಸೇರಿಕೊಳ್ಳುವ ಭೂತ ಅದು. 1870ರಲ್ಲಿ ರಿಚರ್ಡ್ ಬರ್ಟನ್ ವಿಕ್ರಮ–ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತರುವಾಗ ಹೆಸರಿನಲ್ಲೇ ‘ವ್ಯಾಂಪೈರ್’ ಎಂದು ಹಾಕಿದರು, ಆ ತಪ್ಪು ಇನ್ನೂ ನಡೆದುಬಂದಿದೆ. ಆದರೆ ನಿಯಮ ಕಟ್ಟುವುದನ್ನು ಕಲಿಯಬೇಕಾದರೆ ಬೇತಾಳನಿಂದಲೇ ಕಲಿಯಬೇಕು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಎರಡು ಕಡೆಯಿಂದಲೂ ಕಟ್ಟಿದ ಇಷ್ಟು ಚಿಕ್ಕ ನಿಯಮದ ಮೇಲೆ ‘ಕಥಾಸರಿತ್ಸಾಗರ’ದಲ್ಲಿ ಇಪ್ಪತ್ತನಾಲ್ಕು ಕಥೆ ನಿಂತಿವೆ, ಕೊನೆಯದರಲ್ಲಿ ರಾಜನಿಗೆ ಉತ್ತರವೇ ಹೊಳೆಯುವುದಿಲ್ಲ, ಆಗ ಮಾತ್ರ ಮೌನ ಉಳಿಯುತ್ತದೆ. ದುರ್ಗದ ಬೆಟ್ಟದ ಹಿಡಿಂಬನ ಕಥೆ ನಿಮಗೆ ಗೊತ್ತೇ ಇರುತ್ತದೆ. ಮಹಾಭಾರತದಲ್ಲಿ ಅವನೊಡನೆ ಭೀಮ ಹೋರಾಡುವಾಗ ಅರ್ಜುನ ಅವಸರ ಮಾಡುತ್ತಾನೆ, ಮೂಡಣ ಕೆಂಪೇರುತ್ತಿದೆ, ಸಂಧಿಕಾಲದಲ್ಲಿ ರಾಕ್ಷಸರ ಬಲ ಹೆಚ್ಚುತ್ತದೆ, ಬೇಗ ಮುಗಿಸು ಎಂದು. ಹೊತ್ತಿನ ನಿಯಮ ನಮ್ಮಲ್ಲಿ ಯಾವತ್ತಿನಿಂದಲೂ ಇತ್ತು.

*

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಇವೇ ಪುಸ್ತಕ ಬೇಕು ಎನ್ನುತ್ತಾಳೆ. ಕೊಡಿಸಬಹುದೇ?
– ಗೃಹಿಣಿ, ಹೊಳಲ್ಕೆರೆ

ಉತ್ತರ: ಸರಣಿಗೆ ಒಪ್ಪಿಗೆ ಕೊಡಬೇಡಿ ತಾಯಿ, ಪುಸ್ತಕಕ್ಕೆ ಕೊಡಿ. ‘ಟ್ವೈಲೈಟ್’ನ ಮೊದಲ ಎರಡು ಈ ವಯಸ್ಸಿಗೆ ನಡೆಯುತ್ತವೆ. ನಾಲ್ಕನೆಯದು, ‘ಬ್ರೇಕಿಂಗ್ ಡಾನ್’ನಲ್ಲಿ ಮದುವೆ, ಬಸುರು, ಮೈ ಸೀಳಿಕೊಂಡು ಬರುವ ರಕ್ತಸಿಕ್ತ ಹೆರಿಗೆ ಇದೆ, ಹಸುಗೂಸಿಗೆ ದೊಡ್ಡ ಹುಡುಗನೊಬ್ಬ ಅಂಟಿಕೊಳ್ಳುವ ಪ್ರಸಂಗವೂ ಇದೆ. ಪಿಯುಸಿ ಬರುವವರೆಗೆ ಬೇಡ. ಸೂಕಿ, ಅನಿಟಾ ಬ್ಲೇಕ್ ಎರಡೂ ದೊಡ್ಡವರ ಪುಸ್ತಕಗಳು. ಆನ್ ರೈಸ್ ಅವರ 1976ರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ಒಳ್ಳೆಯ ಸಾಹಿತ್ಯವೇ, ಆದರೆ ಐದು ವರ್ಷದ ಕೂಸು ರಕ್ತಪಿಶಾಚಿಯಾಗಿ, ಮನಸ್ಸು ಬೆಳೆದು ಮೈ ಬೆಳೆಯದೆ ಉಳಿಯುವ ದುಃಖ ಅದರಲ್ಲಿದೆ. ಅದೂ ತಡವಾಗಿಯೇ ಇರಲಿ. ಬಚ್ಚಿಟ್ಟರೆ ಮೊಬೈಲಿನಲ್ಲಿ ಓದುತ್ತಾಳೆ. ಮೂರನೆಯದನ್ನು ಎಂದಾದರೂ ಮುಗಿಸಿದ ಮೇಲೆ ‘ಎಡ್ವರ್ಡ್ ನಿನ್ನ ಗಾಡಿ ಕೆಡಿಸಿದ್ದರೆ ಏನು ಮಾಡುತ್ತಿದ್ದೆ’ ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ.

*

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವಾಗ ಏನು ನೋಡಬೇಕು?
– ಓದುಗ, ಜಗಳೂರು

ಉತ್ತರ: ಸರಣಿಯ ಕ್ರಮಸಂಖ್ಯೆ ಬೆನ್ನಿನ ಮೇಲೆ ಇರುವುದಿಲ್ಲ ಎಂದೇ ತಿಳಿಯಿರಿ. ಒಳಗಿನ ಹಕ್ಕುಸ್ವಾಮ್ಯದ ಪುಟದಲ್ಲಿ ಮೊದಲು ಪ್ರಕಟವಾದ ವರ್ಷ ನೋಡಿ ಜೋಡಿಸಿಕೊಳ್ಳಿ. ನಕಲಿ ಮುದ್ರಣವಾದರೆ ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ, ಅಂಟು ಒಣಗಿ ನಡುವೆ ಬಿರಿಯುತ್ತದೆ. ಪುಟಸಂಖ್ಯೆಯನ್ನು ಹದಿನಾರು ಪುಟಕ್ಕೊಮ್ಮೆ ನೋಡುತ್ತ ಹೋಗಿ, ಕಳಚುವಾಗ ಒಂದು ಇಡೀ ಫಾರಂ, ಅಂದರೆ ಒಟ್ಟಿಗೆ ಮಡಚಿದ ಹದಿನಾರು ಪುಟ, ಕಳಚಿರುತ್ತದೆ.

*

ಪ್ರಶ್ನೆ: ‘ತುಳಸಿದಳ’ ಓದಿ ರಾತ್ರಿ ದೀಪ ಆರಿಸದೆ ಮಲಗಿದವರು ನಾವು. ಈಗ ಅದೇ ಪುಸ್ತಕ ಮೂಢನಂಬಿಕೆ ಬೆಳೆಸುತ್ತದೆ ಅನ್ನಿಸುತ್ತಿದೆ. ಸರಿಯೇ?
– ಕಿರಾಣಿ ವ್ಯಾಪಾರಿ, ಚನ್ನಗಿರಿ

ಉತ್ತರ: ಯಂಡಮೂರಿ ವೀರೇಂದ್ರನಾಥ್ ತೆಲುಗಿನಲ್ಲಿ ಬರೆದ, ಕನ್ನಡಕ್ಕೆ ಬಂದು ಮನೆಮನೆ ಸುತ್ತಿದ ಕಾದಂಬರಿ ಅದು. ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಆಗ ಓದುಗರ ಹೆದರಿಕೆ ಮಾಟದ ಮೇಲಿತ್ತು. ಈಗ ಓದುವವರು ಆಸ್ತಿಗಾಗಿ ಮಗುವನ್ನು ಬಲಿ ಕೊಡಲು ಹೊರಟ ಮನುಷ್ಯರಿಗೆ ಹೆದರುತ್ತಾರೆ. ವಾಮಾಚಾರದ ವಿರುದ್ಧ ರಾಜ್ಯದಲ್ಲಿ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಅಂಥ ಕಾಲದಲ್ಲಿ ನಿಮ್ಮ ಕಸಿವಿಸಿ ಸಹಜ. ಮತ್ತೆ ಓದುವಾಗ ವೈದ್ಯರೂ ಮಾಂತ್ರಿಕರೂ ಒಟ್ಟಿಗೇ ಹೆಣಗುವ ಭಾಗಗಳನ್ನು ನಿಧಾನವಾಗಿ ಓದಿ, ಅಲ್ಲಿ ಲೇಖಕರು ಯಾರ ಕಡೆ ನಿಂತಿದ್ದಾರೆ ಎಂದು ನೀವೇ ತೀರ್ಮಾನಿಸಿ.

*

ಪ್ರಶ್ನೆ: ಎಂಟು ಮಂದಿ ಸೇರಿ ಹಳೆಯ ಮೆಚ್ಚಿನ ಸರಣಿಗಳನ್ನು ಮತ್ತೆ ಓದುವ ಕೂಟ ಕಟ್ಟುತ್ತಿದ್ದೇವೆ. ಹೇಗೆ ನಡೆಸಬೇಕು?
– ಎಂ.ಎ. ವಿದ್ಯಾರ್ಥಿನಿಯರು, ದಾವಣಗೆರೆ

ಉತ್ತರ: ಎಂಟು ಒಳ್ಳೆಯ ಸಂಖ್ಯೆ, ಹತ್ತು ದಾಟಿಸಬೇಡಿ. ಮೊದಲ ಸಲ ಒಂದೇ ಪುಸ್ತಕ ಇಟ್ಟುಕೊಳ್ಳಿ. ಐನೂರು ಪುಟದ್ದಾದರೆ ದಿನಕ್ಕೆ ಇಪ್ಪತ್ತೈದರಂತೆ ಇಪ್ಪತ್ತು ದಿನ, ಪರೀಕ್ಷೆ, ಹಬ್ಬ, ಊರಿಗೆ ಹೋಗಿಬರುವುದು ಸೇರಿಸಿ ಒಂದು ತಿಂಗಳು.

ಪುಸ್ತಕ ತೆರೆಯುವ ಮೊದಲೇ ಪ್ರತಿಯೊಬ್ಬರೂ ನೆನಪಿರುವ ಕಥೆಯನ್ನು, ಆಗಿನ ಅಭಿಪ್ರಾಯವನ್ನು ಅರ್ಧ ಪುಟ ಬರೆದು ಲಕೋಟೆಗೆ ಹಾಕಿ ಅಂಟಿಸಿಬಿಡಬೇಕು. ಈ ಹೆಜ್ಜೆ ಬಿಟ್ಟರೆ ಕೂಟವೇ ವ್ಯರ್ಥ. ಹೊಸ ಅಭಿಪ್ರಾಯ ಬಂದ ಕೂಡಲೇ ಮನಸ್ಸು ಹಳೆಯದನ್ನು ತಿದ್ದಿ, ‘ನನಗೆ ಆಗಲೇ ಹಾಗನ್ನಿಸಿತ್ತು’ ಎಂದು ನಂಬಿಸುತ್ತದೆ. ನೂರನೇ ಪುಟಕ್ಕೆ ಇನ್ನೊಂದು ಚೀಟಿ, ಮುಗಿದ ಮೇಲೆ ಮೂರನೆಯದು. ಎಲ್ಲ ಚೀಟಿಗೂ ಪ್ರಶ್ನೆ ಅವೇ: ಕಥೆ ಯಾರ ಬಾಯಲ್ಲಿದೆ, ಶಕ್ತಿಗೆ ಏನು ಬೆಲೆ, ಯಾರ ಒಪ್ಪಿಗೆ ಕೇಳದೆ ಏನು ನಡೆಯಿತು, ಯಾವ ಪುಟದಲ್ಲಿ ಮನಸ್ಸು ತಿರುಗಿತು. ಪುಟಸಂಖ್ಯೆ ಕಡ್ಡಾಯ.

ಕೂಟ ಒಂದೂವರೆ ಗಂಟೆ ಸಾಕು. ಮೊದಲ ಅರ್ಧ ಗಂಟೆ ಲಕೋಟೆ ಒಡೆದು ಓದುವುದಕ್ಕೆ, ಚರ್ಚೆ ಆಮೇಲೆ. ಕೆಡುವುದು ಸಾಮಾನ್ಯವಾಗಿ ಟಿವಿಯಿಂದ. ಅರ್ಧ ಜನ ಸಿನಿಮಾದ ದೃಶ್ಯವನ್ನೇ ಪುಸ್ತಕದ್ದೆಂದು ವಾದಿಸುತ್ತಾರೆ. ‘ಬ್ರೇಕಿಂಗ್ ಡಾನ್’ನ ಕೊನೆಯ ಕಾಳಗ 2012ರ ಸಿನಿಮಾದಲ್ಲಿ, ಅದೂ ಒಬ್ಬಳ ಮುಂಗಾಣ್ಕೆಯಾಗಿ ಮಾತ್ರ ಬರುತ್ತದೆ. ಪುಸ್ತಕದಲ್ಲಿ ಮಾತುಕತೆಯಲ್ಲೇ ಮುಗಿಯುತ್ತದೆ. ಅದಕ್ಕೇ ಪುಟ ತೋರಿಸದವರ ವಾದವನ್ನು ಬರೆದುಕೊಳ್ಳಬೇಡಿ.

ಎರಡನೆಯ ತಿಂಗಳಿಗೆ ಆನ್ ರೈಸ್ ಅವರ ಮೊದಲೆರಡು ಪುಸ್ತಕಗಳನ್ನು ಆರಿಸಿಕೊಳ್ಳಿ. 1976ರದು ರಕ್ತಪಿಶಾಚಿ ಲೂಯಿ ಹೇಳುವ ಕಥೆ, ಅಲ್ಲಿ ಅವನನ್ನು ರಕ್ತಪಿಶಾಚಿ ಮಾಡಿದ ಲೆಸ್ಟಾಟ್ ಕ್ರೂರಿ. 1985ರದರಲ್ಲಿ ಲೆಸ್ಟಾಟ್ ತಾನೇ ಬಾಯಿ ಬಿಡುತ್ತಾನೆ, ಲೂಯಿಯ ಮಾತನ್ನು ಅಲ್ಲಗಳೆಯುತ್ತಾನೆ. ನಾಲ್ವರು ಮೊದಲನೆಯದನ್ನಷ್ಟೇ, ನಾಲ್ವರು ಎರಡನೆಯದನ್ನಷ್ಟೇ ಓದಿ ಬನ್ನಿ, ಲೆಸ್ಟಾಟ್ ಎಂಥವನೆಂದು ಎರಡೂ ಗುಂಪು ಒಂದೊಂದು ಪುಟ ಬರೆಯಲಿ. ಆಮೇಲೆ ಪುಸ್ತಕ ಅದಲುಬದಲು ಮಾಡಿಕೊಳ್ಳಿ. ಆ ಎರಡು ಪುಟಗಳನ್ನು ನಮಗೂ ಕಳಿಸಿಕೊಡಿ, ಮುಂದಿನ ಸಂಚಿಕೆಗಳಲ್ಲಿ ಅಕ್ಕಪಕ್ಕ ಹಾಕುತ್ತೇವೆ.